ಗೆದ್ದ ಯುದ್ಧಕ್ಕೆ ಮತ್ತೆ ಹೊರಡುವವರು

ಚರ್ಚ್‌ಗೇಟ್‌ನಿಂದ ವಿರಾರ್‌ಗೆ ಸುಮಾರು 60 ಕಿಲೋಮೀಟರ್. ಸ್ಲೋ ಲೋಕಲ್ ಹತ್ತಿದರೆ ಒಂದೂವರೆ ಗಂಟೆ ದಾಟುತ್ತದೆ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಅರ್ಧಂಬರ್ಧ ಕೂತವರಿಗೂ ಒಂದು ಕೈಯಾದರೂ ಬಿಡುವಾಗಿರುತ್ತದೆ. ಹಿಂದೆ ಆ ಕೈಯಲ್ಲಿ ಇಸ್ಪೀಟೆಲೆ ಇರುತ್ತಿತ್ತು, ಈಗ ಮೊಬೈಲ್ ಇದೆ. ಆದರೆ ಓಡುತ್ತ ಗುಂಡು ಹಾರಿಸುವ ಆಟಗಳಿಗೆ ಲೋಕಲ್ ಹೇಳಿ ಮಾಡಿಸಿದ ಜಾಗವಲ್ಲ. ದಾದರ್ ಬಂತೆಂದರೆ ನುಗ್ಗುವವರ ಮೊಣಕೈ ತಾಗಿ ಬೆರಳು ಜಾರುತ್ತದೆ, ಅಷ್ಟರಲ್ಲಿ ಪರದೆಯ ಮೇಲಿನ ಸಿಪಾಯಿ ಸತ್ತಿರುತ್ತಾನೆ. ನಡುವೆ ನೆಟ್‌ವರ್ಕ್ ಕೈಕೊಟ್ಟರಂತೂ ಮುಗಿಯಿತು.

ಕಾಯುವ ಆಟಗಳೂ ಇವೆ. ನಾಲ್ಕಾರು ಸಿಪಾಯಿಗಳ ಒಂದು ತುಕಡಿ, ಚೌಕಗಳಾಗಿ ಹಂಚಿದ ನೆಲ, ಚದುರಂಗದಂತೆ ನಿಮ್ಮ ಸರದಿ, ಆಮೇಲೆ ಎದುರಾಳಿಯ ಸರದಿ. ನೀವು ಯೋಚಿಸುವಷ್ಟು ಹೊತ್ತೂ ಶತ್ರು ಸುಮ್ಮನೆ ನಿಂತಿರುತ್ತಾನೆ. ಅಂಧೇರಿಯಲ್ಲಿ ಶುರುವಾದ ಸರದಿಯನ್ನು ಬೊರಿವಲಿಯಲ್ಲಿ ಮುಗಿಸಿದರೂ ಯಾರೂ ಕೇಳುವುದಿಲ್ಲ. ಆಟಗಾರರ ವಲಯದಲ್ಲಿ ಇವಕ್ಕೆ ಟರ್ನ್-ಬೇಸ್ಡ್ ಟ್ಯಾಕ್ಟಿಕ್ಸ್ ಎನ್ನುತ್ತಾರೆ.

ಇವುಗಳ ಗೀಳು ಹತ್ತಿದವರಲ್ಲಿ ಒಂದು ಚಾಳಿ ಎದ್ದು ಕಾಣುತ್ತದೆ. ಗೆದ್ದು ಮುಗಿಸಿದ ಆಟವನ್ನೇ ಮತ್ತೆ ಮೊದಲಿನಿಂದ ಆಡುತ್ತಾರೆ. ಕಥೆ ಗೊತ್ತು, ಕೊನೆ ಗೊತ್ತು, ಶತ್ರುವಿನ ಬತ್ತಳಿಕೆಯಲ್ಲಿ ಏನೇನಿದೆ ಎಂಬುದೂ ಬಾಯಿಪಾಠ. ಆದರೂ ಹತ್ತು, ಇಪ್ಪತ್ತು, ಮೂವತ್ತು ವರ್ಷ ಹಳೆಯ ಆಟಗಳಿಗೆ ಜನ ಮರಳಿ ಬರುತ್ತಾರೆ. ಹಳೆಯ ದಿನಗಳ ನೆನಪಿನ ಮೋಹ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಅಸಲಿ ಕಾರಣ ಬೇರೆಯೇ ಇದೆ. ಮೊದಲ ಸಲ ಗೆದ್ದದ್ದು ಬುದ್ಧಿಯಿಂದಲೋ ಅದೃಷ್ಟದಿಂದಲೋ ಎಂಬುದು ಆ ಒಂದೇ ಆಟದಿಂದ ತಿಳಿಯುವುದಿಲ್ಲ.

ಈ ಬಗೆಯ ಆಟಗಳಲ್ಲಿ ಹಿರಿಯಣ್ಣನೆಂದರೆ ಎಕ್ಸ್-ಕಾಮ್. ಬ್ರಿಟನ್ನಿನ ಜೂಲಿಯನ್ ಗೊಲಪ್ ಮತ್ತು ಅವರ ಸೋದರ ನಿಕ್ ರೂಪಿಸಿದ ಇದನ್ನು ಮೈಕ್ರೋಪ್ರೋಸ್ 1994ರಲ್ಲಿ ಪ್ರಕಟಿಸಿತು. ಅನ್ಯಗ್ರಹದವರು ಭೂಮಿಯ ಮೇಲೆ ದಾಳಿ ಮಾಡುತ್ತಾರೆ, ಅವರನ್ನು ಎದುರಿಸುವ ಗುಪ್ತ ಪಡೆಗೆ 16 ದೇಶಗಳು ತಿಂಗಳು ತಿಂಗಳು ಹಣ ಕೊಡುತ್ತವೆ. ಆ ಹದಿನಾರರಲ್ಲಿ ಭಾರತವೂ ಒಂದು. ಕೆಲಸ ಮೆಚ್ಚುಗೆಯಾಗದಿದ್ದರೆ ದೇಶಗಳು ಅನುದಾನ ಕತ್ತರಿಸುತ್ತವೆ, ಹೆಚ್ಚು ಕೆಟ್ಟರೆ ಗುಟ್ಟಾಗಿ ಶತ್ರುವಿನ ಜೊತೆಯೇ ಒಪ್ಪಂದ ಮಾಡಿಕೊಳ್ಳುತ್ತವೆ. ಹೆಸರಿಟ್ಟು, ತರಬೇತಿ ಕೊಟ್ಟು ಬೆಳೆಸಿದ ಸಿಪಾಯಿ ಸತ್ತರೆ ಸತ್ತ ಹಾಗೆಯೇ. ಅವನು ಮರಳಿ ಬರುವುದಿಲ್ಲ.

ಆ ಕಾಲದ ಪಿಸಿ ಆಟಗಳು ಮುಂಬೈಯ ಮನೆಗಳನ್ನು ಹೊಕ್ಕ ದೊಡ್ಡ ದಾರಿ ಗ್ರಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರಸ್ತೆ. ಸರಕಾರಿ ಫಲಕದಲ್ಲಿ ಅದು ಡಾ. ಭಡಕಮಕರ್ ಮಾರ್ಗ, ಆದರೆ ಜನ ಇನ್ನೂ ಇಪ್ಪತ್ತನೆಯ ಶತಮಾನದ ಆರಂಭದ ಒಬ್ಬ ಗವರ್ನರನ ಹೆಸರಿನಿಂದಲೇ ಕರೆಯುತ್ತಾರೆ. ಮದರ್‌ಬೋರ್ಡ್, ರ‍್ಯಾಮ್, ಕೇಬಲ್ಲುಗಳ ನಡುವೆ ನಕಲಿ ಸಿ.ಡಿ.ಗಳೂ ಅಲ್ಲಿ ಧಾರಾಳವಾಗಿ ಸಿಗುತ್ತಿದ್ದವು. ಅಸಲಿ ಪೆಟ್ಟಿಗೆಯಲ್ಲಿ ಬರುವ ಕೈಪಿಡಿ ನಕಲಿ ಸಿ.ಡಿ.ಯ ಜೊತೆ ಬರುತ್ತಿರಲಿಲ್ಲ. ಎಕ್ಸ್-ಕಾಮ್‌ನಂಥ ಆಟಕ್ಕೆ ಕೈಪಿಡಿ ಇಲ್ಲದೆ ಕೂತವರಿಗೆ ಸೋಲೇ ಮೇಷ್ಟ್ರು: ಒಂದು ಸಲ ಇಡೀ ಭೂಮಿಯನ್ನೇ ಕಳೆದುಕೊಂಡು, ಎರಡನೆಯ ಸಲ ಹಣಕಾಸು ಕಲಿತು, ಮೂರನೆಯ ಸಲ ತುಕಡಿಯನ್ನು ಹೊತ್ತು ತಂದ ವಿಮಾನದ ಬಾಗಿಲಲ್ಲಿ ಗುಂಪಾಗಿ ನಿಲ್ಲಬಾರದೆಂದು ಕಲಿಯಬೇಕು. ಹೀಗೆ ನೋಡಿದರೆ ಮತ್ತೆ ಮತ್ತೆ ಆಡುವುದು ಹವ್ಯಾಸವಾಗುವ ಮೊದಲು ಅನಿವಾರ್ಯವಾಗಿತ್ತು.

ಈ ಆಟಕ್ಕೆ ಸಂಬಂಧಿಸಿದ ಒಂದು ತಮಾಷೆಯ ಸಂಗತಿಯನ್ನು ಹೇಳಲೇಬೇಕು. ಎಕ್ಸ್-ಕಾಮ್‌ನಲ್ಲಿ ಕಷ್ಟದ ಐದು ಹಂತಗಳಿದ್ದವು, ಕೆಳಗಿನದು ಬಿಗಿನರ್, ಮೇಲಿನದು ಸೂಪರ್‌ಹ್ಯೂಮನ್. ಮೊದಲ ಡಾಸ್ ಆವೃತ್ತಿಯಲ್ಲಿ ಒಂದು ದೋಷ ನುಸುಳಿತ್ತು. ಆಟಗಾರ ಯಾವ ಹಂತವನ್ನೇ ಆರಿಸಿಕೊಳ್ಳಲಿ, ಆಟ ಶುರುವಾದ ಸ್ವಲ್ಪದರಲ್ಲೇ ಅದು ಸದ್ದಿಲ್ಲದೆ ಬಿಗಿನರ್‌ಗೆ ಇಳಿದುಬಿಡುತ್ತಿತ್ತು. ಸೂಪರ್‌ಹ್ಯೂಮನ್‌ನಲ್ಲಿ ಗೆದ್ದೆವೆಂದು ಬೀಗಿದವರು ಗೆದ್ದದ್ದು ಎಳೆಯರ ಮಟ್ಟದಲ್ಲಿ. ನುರಿತವರು ಆಟ ತೀರಾ ಸುಲಭವಾಯಿತೆಂದು ದೂರಿದರು. ದೋಷದ ಅರಿವಿಲ್ಲದ ತಯಾರಕರು 1995ರಲ್ಲಿ ತಂದ ಮುಂದಿನ ಕಂತು ‘ಟೆರರ್ ಫ್ರಮ್ ದ ಡೀಪ್’ ಅನ್ನು ಇನ್ನಷ್ಟು ಕಠಿಣಗೊಳಿಸಿದರು. ಇಂದಿಗೂ ಅದರ ಹೆಸರೆತ್ತಿದರೆ ಹಳೆಯ ಆಟಗಾರರ ಮುಖ ಹುಳ್ಳಗಾಗುತ್ತದೆ.

ಬುದ್ಧಿ ಎಷ್ಟು, ಅದೃಷ್ಟ ಎಷ್ಟು ಎಂಬ ಲೆಕ್ಕ ನಮ್ಮವರಿಗೇನೂ ಹೊಸದಲ್ಲ. ಹೋಟೆಲು, ಬ್ಯಾಂಕು, ಗಿರಣಿ ಎಂದು ಕರಾವಳಿಯಿಂದ ಮುಂಬೈಗೆ ಬಂದ ಕುಟುಂಬಗಳಿಗೆ ಚನ್ನೆಮಣೆ ಗೊತ್ತು. ಹದಿನಾಲ್ಕು ಗುಳಿ, ಕೆಂಪು ಮಂಜೊಟ್ಟಿ ಕಾಳು, ಎಲ್ಲವೂ ಇಬ್ಬರ ಕಣ್ಣೆದುರೇ. ಅಲ್ಲಿ ಸೋತವರು ಲೆಕ್ಕ ತಪ್ಪಿಯೇ ಸೋತವರು. ಚೌಕಾಬಾರ ಹಾಗಲ್ಲ. ಎಂಥ ಜಾಣರ ಕೈಯಲ್ಲೂ ಕವಡೆ ತನಗೆ ಬೇಕಾದ ಹಾಗೆ ಬೀಳುತ್ತದೆ. ಕಂಪ್ಯೂಟರಿನ ಈ ಯುದ್ಧದಾಟಗಳು ಚನ್ನೆಮಣೆಯ ಲೆಕ್ಕಾಚಾರವನ್ನೂ ಚೌಕಾಬಾರದ ಕವಡೆಯನ್ನೂ ಒಂದೇ ಮಣೆಗೆ ತಂದಿವೆ.

ಎಕ್ಸ್-ಕಾಮ್ ಅನ್ನು ಅಮೆರಿಕದ ಫಿರಾಕ್ಸಿಸ್ ಸಂಸ್ಥೆ 2012ರಲ್ಲಿ ಹೊಸದಾಗಿ ಕಟ್ಟಿತು. ಜೇಕ್ ಸಾಲಮನ್ ಅದರ ಮುಖ್ಯ ವಿನ್ಯಾಸಕ. ಸಿಪಾಯಿ ಗುರಿ ಹಿಡಿದಾಗ ಪರದೆಯ ಮೇಲೆ ಒಂದು ಶೇಕಡಾ ಅಂಕಿ ಮೂಡುತ್ತದೆ. ಶೇ 95 ಎಂದಿದ್ದ ಹೊಡೆತ ತಪ್ಪಿದರೆ ಆಟಗಾರರು ಕಂಪ್ಯೂಟರಿಗೆ ಹಿಡಿಶಾಪ ಹಾಕುತ್ತಾರೆ. ಲೆಕ್ಕ ಬೇರೆ ಹೇಳುತ್ತದೆ. ಶೇ 95ರ ಹೊಡೆತವನ್ನು ಇಪ್ಪತ್ತು ಬಾರಿ ಹೊಡೆದರೆ ಒಂದಾದರೂ ತಪ್ಪುವ ಸಾಧ್ಯತೆ ಸುಮಾರು ಶೇ 64. ನೂರಾರು ಗುಂಡು ಹಾರುವ ಆಟದಲ್ಲಿ ಅದು ತಪ್ಪಲೇಬೇಕು. ಮನುಷ್ಯರ ತಲೆ ಮಾತ್ರ 95ನ್ನು 100 ಎಂದೇ ಓದುತ್ತದೆ.

ಸಾಲಮನ್‌ಗೆ ಇದು ಗೊತ್ತಿತ್ತು. ಹಾಗಾಗಿ ಸುಲಭದ ಹಂತಗಳಲ್ಲಿ ಆಟವೇ ಒಂದಿಷ್ಟು ಕೈಚಳಕ ತೋರುತ್ತದೆ: ಸಾಲಾಗಿ ಗುರಿ ತಪ್ಪಿದ ಆಟಗಾರನ ಮುಂದಿನ ಹೊಡೆತಕ್ಕೆ ಗುಟ್ಟಾಗಿ ಬಲ ತುಂಬುತ್ತದೆ, ಪರದೆಯ ಅಂಕಿಯನ್ನು ಮಾತ್ರ ಹಾಗೆಯೇ ಬಿಡುತ್ತದೆ. ಇದನ್ನು ಅವರೇ ಬಹಿರಂಗವಾಗಿ ಹೇಳಿದ್ದಾರೆ. ಸುಲಭದ ಹಂತದಲ್ಲಿ ಗೆದ್ದು, ಧೈರ್ಯ ಬಂದು, ಕಠಿಣ ಹಂತದಲ್ಲಿ ಎರಡನೆಯ ಸಲ ಕೂತವರಿಗೆ ಅದೇ ಶೇ 70 ಈಗ ನಿಜಕ್ಕೂ ಶೇ 70 ಆಗಿರುತ್ತದೆ. ಮೊದಲ ಸಲದ ಅದೃಷ್ಟ ಸ್ವಲ್ಪ ಎರವಲಿನದ್ದಾಗಿತ್ತು ಎಂಬುದು ಆಗ ಬಯಲಾಗುತ್ತದೆ.

ಇಲ್ಲಿ ಒಂದು ಧರ್ಮಸೂಕ್ಷ್ಮವೂ ಇದೆ. ಗುರಿ ತಪ್ಪಿ ಮೆಚ್ಚಿನ ಸಿಪಾಯಿ ಸತ್ತರೆ ಆಟಗಾರ ಹಿಂದೆ ಉಳಿಸಿಟ್ಟ ಹಂತವನ್ನು ಮತ್ತೆ ತೆರೆದು, ಏನೂ ಆಗಲೇ ಇಲ್ಲವೆಂಬಂತೆ ಮುಂದುವರಿಯಬಹುದು. ಆಟಗಾರರು ಇದನ್ನು ಸೇವ್-ಸ್ಕಮಿಂಗ್ ಎಂದು ಸ್ವಲ್ಪ ಮೂಗು ಮುರಿದೇ ಕರೆಯುತ್ತಾರೆ. ಹೊಸ ಎಕ್ಸ್-ಕಾಮ್ ಅದಕ್ಕೊಂದು ತಡೆ ಹಾಕಿತು. ಕಂಪ್ಯೂಟರಿನ ‘ಅದೃಷ್ಟ’ ಎಂದರೆ ಒಂದು ಬೀಜಸಂಖ್ಯೆಯಿಂದ ಹುಟ್ಟುವ ಅಂಕಿಗಳ ಸಾಲು. ಆಟ ಉಳಿಸುವಾಗ ಆ ಬೀಜಸಂಖ್ಯೆಯೂ ಉಳಿದುಬಿಟ್ಟರೆ, ಎಷ್ಟು ಸಲ ಹಿಂದೆ ಹೋದರೂ ಅದೇ ಹೊಡೆತ ಅದೇ ರೀತಿ ತಪ್ಪುತ್ತದೆ. ಫಲಿತಾಂಶ ಬದಲಾಗಬೇಕಿದ್ದರೆ ನಡೆಗಳನ್ನೇ ಬದಲಿಸಬೇಕು, ಇಲ್ಲವೇ ಅವುಗಳ ಕ್ರಮವನ್ನು. ಅಂದರೆ ಹಿಂದೆ ಹೋಗುವ ಹಕ್ಕು ಉಂಟು, ಆದರೆ ಹೊಸದಾಗಿ ಯೋಚಿಸಿದರೆ ಮಾತ್ರ ಅದರಿಂದ ಲಾಭ. ಇದಕ್ಕಿಂತ ಗಟ್ಟಿ ಗುಂಡಿಗೆಯವರಿಗೆ ಐರನ್‌ಮ್ಯಾನ್ ಎಂಬ ಆಯ್ಕೆ ಇದೆ. ಒಂದೇ ಉಳಿತಾಯ, ಪ್ರತಿ ನಡೆಯ ಮೇಲೂ ತಾನಾಗಿಯೇ ಅಚ್ಚೊತ್ತುತ್ತದೆ, ಹಿಂದಕ್ಕೆ ದಾರಿಯಿಲ್ಲ.

ಜಪಾನಿನ ಫೈರ್ ಎಂಬ್ಲೆಮ್ ಸರಣಿಯೂ ಇದೇ ಜಗಳವನ್ನು ದಶಕಗಳ ಕಾಲ ಆಡಿದೆ. 1990ರಲ್ಲಿ ಮೊದಲ ಆಟ ಬಂದಾಗ ಸತ್ತ ಯೋಧ ಕಥೆಯಿಂದಲೇ ಹೊರಟುಹೋಗುತ್ತಿದ್ದ. ಆಟಗಾರರು ಒಬ್ಬ ಸತ್ತರೂ ಯಂತ್ರವನ್ನೇ ಆರಿಸಿ ಅಧ್ಯಾಯವನ್ನು ಮತ್ತೆ ಆಡುತ್ತಿದ್ದರು. 2010ರ ಹೊತ್ತಿಗೆ, ಬಿದ್ದವರು ಮುಂದಿನ ಅಧ್ಯಾಯಕ್ಕೆ ಎದ್ದು ಬರುವ ಸುಲಭ ಬಗೆಯೊಂದನ್ನು ತಯಾರಕರು ಸೇರಿಸಿದರು. 2019ರ ‘ತ್ರೀ ಹೌಸಸ್’ನಲ್ಲಿ ಕೆಲವು ಸಲ ಮಾತ್ರ ಕಾಲವನ್ನು ಹಿಂದಕ್ಕೆ ತಿರುಗಿಸುವ ಶಕ್ತಿಯನ್ನು ಕಥೆಯೊಳಗೇ ಇಟ್ಟರು. ಈ ಸುಲಭ ಬಗೆಯನ್ನು ಹೀಯಾಳಿಸುವವರು ಇಂದಿಗೂ ಇದ್ದಾರೆ. ದಿನಕ್ಕೆ ಮೂರು ಗಂಟೆ ರೈಲಿನಲ್ಲೇ ಕಳೆಯುವ ಊರಿನಲ್ಲಿ ನಿಂತು ಆ ಹೀಯಾಳಿಕೆಯನ್ನು ಕೇಳಿದರೆ ನಗು ಬರುತ್ತದೆ. ‘ತ್ರೀ ಹೌಸಸ್’ನ ಜಾಣತನ ಬೇರೆ ಕಡೆ ಇದೆ. ಮೂರು ಮನೆತನಗಳಲ್ಲಿ ಒಂದನ್ನು ಮೊದಲೇ ಆರಿಸಿಕೊಳ್ಳಬೇಕು, ಉಳಿದವರು ಮುಂದೆ ಶತ್ರುಗಳಾಗಿ ಎದುರು ನಿಲ್ಲುತ್ತಾರೆ. ಮೊದಲ ಸಲ ಕೊಂದವನನ್ನು ಎರಡನೆಯ ಸಲ ಶಿಷ್ಯನಾಗಿ ಸಾಕಬೇಕಾಗುತ್ತದೆ.

ಆಡಿದ್ದನ್ನು ಮತ್ತೆ ಆಡಿ ನೋಡುವುದರಲ್ಲಿ ಎಲ್ಲರಿಗಿಂತ ಹಳಬರು ಚದುರಂಗದವರೇ. ಮುಂಬೈಗೂ ಅಂಥದೊಂದು ಚದುರಂಗದ ಮನೆತನವಿತ್ತು. ಲ್ಯಾಮಿಂಗ್ಟನ್ ರಸ್ತೆಯಿಂದ ಸ್ವಲ್ಪ ನಡೆದರೆ ಗಿರಗಾಂವ್. ಅಲ್ಲಿನ ‘ನವಾಕಾಳ’ ಪತ್ರಿಕೆಯ ಸಂಪಾದಕರಾಗಿದ್ದ ನೀಲಕಂಠ ಖಾಡಿಲ್ಕರ್ ಅವರ ಮೂವರು ಹೆಣ್ಣುಮಕ್ಕಳು ವಾಸಂತಿ, ಜಯಶ್ರೀ, ರೋಹಿಣಿ. ಭಾರತದ ಮೊದಲ ರಾಷ್ಟ್ರೀಯ ಮಹಿಳಾ ಚದುರಂಗ ಪ್ರಶಸ್ತಿ 1974ರಲ್ಲಿ ಬೆಂಗಳೂರಿನಲ್ಲಿ ವಾಸಂತಿಯವರ ಪಾಲಾಯಿತು, ನಂತರದ ವರ್ಷಗಳಲ್ಲಿ ಆ ಪಟ್ಟ ಹೆಚ್ಚಾಗಿ ಈ ಮನೆಯಲ್ಲೇ ಉಳಿಯಿತು. 1976ರಲ್ಲಿ ಹದಿಮೂರರ ರೋಹಿಣಿ ಪುರುಷರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಕೂತಾಗ ಗದ್ದಲವೆದ್ದು ವಿಷಯ ಹೈಕೋರ್ಟಿನವರೆಗೆ ಹೋಯಿತು. ವಿಶ್ವ ಚದುರಂಗ ಒಕ್ಕೂಟದ ಅಂದಿನ ಅಧ್ಯಕ್ಷ ಮ್ಯಾಕ್ಸ್ ಯೂವೆ ಮಹಿಳೆಯರನ್ನು ತಡೆಯುವಂತಿಲ್ಲವೆಂದು ತೀರ್ಪು ಕೊಟ್ಟರು. 1981ರಲ್ಲಿ ರೋಹಿಣಿ ಏಷ್ಯಾ ಮಹಿಳಾ ಚಾಂಪಿಯನ್ ಆದರು.

ಚದುರಂಗದ ಸ್ಪರ್ಧೆಯಲ್ಲಿ ಪ್ರತಿ ನಡೆಯನ್ನೂ ಆಟಗಾರರೇ ಬರೆದಿಡಬೇಕು. ಆ ಹಾಳೆಯೇ ಆಟವನ್ನು ಮತ್ತೆ ಜೀವಂತಗೊಳಿಸುವ ಸಾಧನ. ಕಾಗದದ ಕೆಲಸ ಕಂಪ್ಯೂಟರಿಗೆ ಬಂದಾಗ ಆದದ್ದೇನೆಂಬುದಕ್ಕೆ ಚದುರಂಗ ದಿಗ್ಗಜ ಗ್ಯಾರಿ ಕಾಸ್ಪರೋವ್ ಸಾಕ್ಷಿ. 1985ರಲ್ಲಿ ಹ್ಯಾಂಬರ್ಗಿನ ಕ್ಲಬ್ಬೊಂದರ ಎಂಟು ಮಂದಿ ಬಲಿಷ್ಠರ ಎದುರು ಒಟ್ಟಿಗೆ ಆಡಿ ಅವರು 3.5–4.5ರಿಂದ ಸೋತರು. 1987ರಲ್ಲಿ ಅದೇ ಕ್ಲಬ್ಬಿನ ಎದುರು ಕೂರುವ ಮೊದಲು ಎದುರಾಳಿಗಳ ಹಳೆಯ ಆಟಗಳನ್ನು ಆಗಷ್ಟೇ ಹುಟ್ಟಿದ್ದ ಚೆಸ್‌ಬೇಸ್ ತಂತ್ರಾಂಶದಲ್ಲಿ ತಿರುವಿಹಾಕಿದರು. ಫಲಿತಾಂಶ 7–1. ಅದೇ ಚೆಸ್‌ಬೇಸ್‌ನ ಭಾರತದ ಶಾಖೆಯನ್ನು ಕಟ್ಟಿದವರು ಮುಂಬೈನ ಸಾಗರ್ ಶಾ ಮತ್ತು ಅಮೃತಾ ಮೋಕಲ್.

ಚದುರಂಗದವರಿಗಿರುವ ಈ ದಾಖಲೆಯ ಶಿಸ್ತು ವಿಡಿಯೊ ಗೇಮ್ ಲೋಕಕ್ಕೆ ಬಹಳ ಕಾಲ ಇರಲಿಲ್ಲ. ಅದರ ಫಲವಾಗಿ ಗಾಂಧೀಜಿಯ ಹೆಸರಿಗೆ ಅಣುಬಾಂಬ್ ಅಂಟಿಕೊಂಡಿತು. ಸಿಡ್ ಮೈಯರ್ ಅವರ ‘ಸಿವಿಲೈಸೇಷನ್’ 1991ರಲ್ಲಿ ಬಂತು. ಇದು ತುಕಡಿ ಕಾಳಗದ ಆಟವಲ್ಲ, ಸಾಮ್ರಾಜ್ಯ ಕಟ್ಟುವ ಆಟ, ಆದರೆ ಸರದಿಯ ನಿಯಮ ಅದೇ. ಅದರಲ್ಲಿ ಭಾರತದ ನಾಯಕ ಗಾಂಧಿ. ಅವರ ಆಕ್ರಮಣಶೀಲತೆಯ ಅಂಕಿ 1 ಇತ್ತಂತೆ, ಪ್ರಜಾಪ್ರಭುತ್ವ ಬಂದಾಗ 2 ಕಳೆದು ಅದು ಸೊನ್ನೆಗಿಂತ ಕೆಳಗಿಳಿದು, ಕಂಪ್ಯೂಟರಿನ ಲೆಕ್ಕದಲ್ಲಿ 255ಕ್ಕೆ ಹಾರಿತಂತೆ, ಗಾಂಧಿ ಕಂಡಕಂಡವರ ಮೇಲೆ ಬಾಂಬ್ ಹಾಕತೊಡಗಿದರಂತೆ. ಎಷ್ಟು ಚೆಂದದ ಕಥೆ! ಲಕ್ಷಾಂತರ ಜನ ನಂಬಿದರು, ತಾವೇ ಕಂಡೆವೆಂದವರೂ ಇದ್ದರು. 2020ರ ಆತ್ಮಕಥನದಲ್ಲಿ ಮೈಯರ್ ಅಂಥ ದೋಷವೇ ಇರಲಿಲ್ಲವೆಂದು ಸ್ಪಷ್ಟಪಡಿಸಿದರು. ಗಾಂಧಿಗೆ ನಿಜಕ್ಕೂ ಅಣ್ವಸ್ತ್ರದ ಒಲವು ಕೊಟ್ಟದ್ದು 2010ರ ಐದನೆಯ ಕಂತು, ಅದೂ ಬೇಕೆಂದೇ, ತಮಾಷೆಗೆ. ಹಳೆಯ ಆಟವನ್ನು ಮತ್ತೆ ತೆರೆದು ಪರೀಕ್ಷಿಸಿದ್ದರೆ ವದಂತಿ ಅಲ್ಲಿಗೇ ಮುಗಿಯುತ್ತಿತ್ತು. ನೆನಪನ್ನು ನಂಬಿದ್ದೇ ಎಡವಟ್ಟಾಯಿತು.

ಮತ್ತೆ ಆಡುವುದನ್ನೇ ಕಥೆಯನ್ನಾಗಿಸಿದ ಆಟವೂ ಒಂದಿದೆ, ಮತ್ತು ಲೋಕಲ್ ರೈಲಿಗೆ ಅದರಷ್ಟು ಹೊಂದುವುದು ಇನ್ನೊಂದಿಲ್ಲ. ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್ ಎಂಬ ಇಬ್ಬರ ಸಬ್‌ಸೆಟ್ ಗೇಮ್ಸ್ ಸಂಸ್ಥೆ 2018ರ ಫೆಬ್ರವರಿಯಲ್ಲಿ ತಂದ ‘ಇನ್‌ಟು ದ ಬ್ರೀಚ್’. 2022ರ ಜುಲೈಯಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಮೊಬೈಲಿಗೂ ಬಂತು. ಇದರ ಕಣ ಚದುರಂಗದ ಹಾಗೆಯೇ ಎಂಟಕ್ಕೆ ಎಂಟು. ಅರವತ್ತನಾಲ್ಕು ಮನೆಗಳಲ್ಲಿ ಏನೆಲ್ಲ ಹುದುಗಿರಬಹುದೆಂದು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಒಂದು ಕುದುರೆ ಯಾವ ಮನೆಯನ್ನೂ ಎರಡನೆಯ ಸಲ ತುಳಿಯದೆ ಅಷ್ಟನ್ನೂ ಸುತ್ತಿಬರುವ ಒಗಟುಗಳನ್ನು ಹೆಣೆದಿದ್ದರು.

ಆಟಗಾರನ ಕೈಯಲ್ಲಿ ಮೂರು ಯಂತ್ರಮಾನವರು. ಎದುರಿಗೆ ನೆಲದಿಂದೇಳುವ ದೈತ್ಯ ಹುಳುಗಳು. ವಿಶೇಷವೆಂದರೆ ಶತ್ರು ಮುಂದೆ ಎಲ್ಲಿ ಹೊಡೆಯುತ್ತದೆ ಎಂಬುದನ್ನು ಮೊದಲೇ ತೋರಿಸಿಬಿಡುತ್ತದೆ, ನಿಮ್ಮ ಹೊಡೆತ ತಪ್ಪುವುದೇ ಇಲ್ಲ. ಶೇಕಡಾವಾರಿನ ಜಗಳ ಹೆಚ್ಚುಕಮ್ಮಿ ಮಾಯ. ಹುಳುವನ್ನು ಕೊಲ್ಲುವುದಕ್ಕಿಂತ ಒಂದು ಚೌಕ ಪಕ್ಕಕ್ಕೆ ತಳ್ಳುವುದು ಎಷ್ಟೋ ಸಲ ಲಾಭ: ಅದರ ಹೊಡೆತ ಇನ್ನೊಂದು ಹುಳುವಿಗೇ ಬೀಳುತ್ತದೆ. ಒಂದೊಂದು ಕಾಳಗ ನಾಲ್ಕೈದು ಸರದಿಗಳಲ್ಲಿ ಮುಗಿಯುತ್ತದೆ. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ಪಡೆಯಬಹುದು, ಇಡೀ ಸರದಿಯನ್ನು ರದ್ದು ಮಾಡುವ ಅವಕಾಶ ಮಾತ್ರ ಕಾಳಗಕ್ಕೆ ಒಂದೇ. ಸೋತರೆ ಒಬ್ಬ ಪೈಲಟ್ ಕಾಲವನ್ನು ಸೀಳಿ ಬೇರೊಂದು ಭೂಮಿಗೆ ಹಾರುತ್ತಾನೆ, ತಾನು ಕಲಿತದ್ದನ್ನು ಹೊತ್ತುಕೊಂಡು. ಗೆದ್ದರೂ ಹಾರುತ್ತಾನೆ, ಏಕೆಂದರೆ ಇನ್ನೊಂದು ಕಾಲದಲ್ಲಿ ಹುಳುಗಳು ಇನ್ನೂ ಇವೆ. ಎಕ್ಸ್-ಕಾಮ್ ಎಷ್ಟೇ ದೊಡ್ಡದಿರಲಿ, ಚೊಕ್ಕತನದಲ್ಲಿ ಈ ಚಿಕ್ಕ ಆಟ ಒಂದು ಕೈ ಮೇಲು.

ಫಿರಾಕ್ಸಿಸ್ ಕೂಡ ಇನ್ನೊಂದು ರೀತಿಯಲ್ಲಿ ಇಲ್ಲಿಗೇ ಬಂದು ತಲುಪಿತು. 2016ರ ‘ಎಕ್ಸ್-ಕಾಮ್ 2’ ಶುರುವಾಗುವುದು ಮೊದಲ ಆಟದಲ್ಲಿ ಮಾನವಕುಲ ಸೋತಿತ್ತೆಂಬ ಕಲ್ಪನೆಯಿಂದ. 2012ರಲ್ಲಿ ಬೆವರು ಸುರಿಸಿ ಗೆದ್ದವರ ಗೆಲುವನ್ನೆಲ್ಲ ಒಂದೇ ಏಟಿಗೆ ಅಳಿಸಿ, ಇಪ್ಪತ್ತು ವರ್ಷಗಳ ನಂತರದ ಗುಲಾಮ ಭೂಮಿಯಲ್ಲಿ ಅವರನ್ನು ಬಂಡಾಯಗಾರರನ್ನಾಗಿ ನಿಲ್ಲಿಸಲಾಯಿತು.

ಕೆಲವರಿಗೆ ತಯಾರಕರು ಕೊಟ್ಟದ್ದು ಸಾಲುವುದಿಲ್ಲ. 2012ರ ಆಟವನ್ನು ಅಭಿಮಾನಿಗಳು ‘ಲಾಂಗ್ ವಾರ್’ ಎಂಬ ಮಾರ್ಪಾಡಿನಿಂದ ಹಲವು ಪಟ್ಟು ಉದ್ದವೂ ಕ್ರೂರವೂ ಆಗಿಸಿದರು. 1999ರ ‘ಜ್ಯಾಗ್ಡ್ ಅಲೈಯನ್ಸ್ 2’ಕ್ಕೆ ಅಧಿಕೃತ ತಿದ್ದುಪಡಿ 1.12ಕ್ಕೆ ನಿಂತಾಗ, ಅಭಿಮಾನಿಗಳು ತಮ್ಮದಕ್ಕೆ 1.13 ಎಂದೇ ಹೆಸರಿಟ್ಟು ಕೆಲಸ ಮುಂದುವರಿಸಿದರು. 1994ರ ಎಕ್ಸ್-ಕಾಮ್ ಅನ್ನು ಸ್ವಯಂಸೇವಕರು ‘ಓಪನ್‌ಎಕ್ಸ್‌ಕಾಮ್’ ಎಂದು ಹೊಸದಾಗಿ ಬರೆದರು, ಅದರ 1.0 ಆವೃತ್ತಿ 2014ರಲ್ಲಿ ಬಂತು. ಹಳೆಯ ಆಟದ ಚಿತ್ರ ಮತ್ತು ದತ್ತಾಂಶದ ಕಡತಗಳು ಕೈಯಲ್ಲಿದ್ದರೆ ಇಂದಿನ ಯಾವ ಕಂಪ್ಯೂಟರಿನಲ್ಲೂ ಅದು ಓಡುತ್ತದೆ. ಕಷ್ಟದ ಹಂತ ಸದ್ದಿಲ್ಲದೆ ಇಳಿಯುತ್ತಿದ್ದ ಆ ಹಳೆಯ ದೋಷ ಅದರಲ್ಲಿಲ್ಲ.

ಹೊಸದಾಗಿ ಶುರು ಮಾಡುವವರು ದುಡ್ಡು ಹಾಕಬೇಕಾಗಿಯೂ ಇಲ್ಲ. ಡೇವಿಡ್ ವೈಟ್ 2003ರಲ್ಲಿ ಆರಂಭಿಸಿದ ‘ಬ್ಯಾಟಲ್ ಫಾರ್ ವೆಸ್ನಾತ್’ ಪೂರ್ತಿ ಉಚಿತ, ಅದರ ಮೂಲಸಂಕೇತವೂ ಮುಕ್ತ, ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ. ಇದರಲ್ಲಿ ಗುರಿ ತಾಗುವುದು ಬಿಡುವುದು ಬಹುಮಟ್ಟಿಗೆ ಎದುರಾಳಿ ನಿಂತ ನೆಲವನ್ನು ಅವಲಂಬಿಸಿದೆ. ಕಾಡಿನಲ್ಲಿ ನಿಂತ ಎಲ್ಫ್ ಬಿಲ್ಲುಗಾರನನ್ನು ಹೊಡೆಯುವುದು ಕಷ್ಟ, ಅವನನ್ನೇ ಬಯಲಿಗೆಳೆದರೆ ಸಲೀಸು. ಮುಗಿದ ಆಟದ ಪ್ರತಿ ನಡೆಯೂ ಒಂದು ಕಡತದಲ್ಲಿ ಉಳಿಯುತ್ತದೆ, ಅದನ್ನು ತೆರೆದು ಇಡೀ ಯುದ್ಧವನ್ನು ಮೊದಲಿನಿಂದ ನೋಡಬಹುದು. ಜೊತೆಗೆ ಒಂದು ಅಂಕಿಅಂಶದ ಪಟ್ಟಿಯೂ ಇದೆ. ಲೆಕ್ಕದ ಪ್ರಕಾರ ನಿಮ್ಮ ಪಡೆ ಎಷ್ಟು ಹಾನಿ ಮಾಡಬೇಕಿತ್ತು, ನಿಜಕ್ಕೂ ಎಷ್ಟು ಮಾಡಿತು, ಶತ್ರುವಿನಿಂದ ಎಷ್ಟು ಪೆಟ್ಟು ತಿನ್ನಬೇಕಿತ್ತು, ಎಷ್ಟು ತಿಂದಿತು ಎಂಬುದನ್ನೆಲ್ಲ ಅದು ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತದೆ. ಸೋತವರು ಅದೃಷ್ಟ ಕೈಕೊಟ್ಟಿತೆಂದು ತೋರಿಸಲು ಆ ಪಟ್ಟಿಯನ್ನು ತೆರೆಯುತ್ತಾರೆ. ಗೆದ್ದವರಲ್ಲಿ ಅದನ್ನು ತೆರೆಯುವವರು ಕಡಿಮೆ.